ಇತರೆ, ಎರಡು ಡಾಲರ್

ಡಿಸೆಂಬರಿನ ಕೊನೆಯ ರಾತ್ರಿ ಡುಲೂತಿನಲ್ಲಿ
ಪಟಾಕಿ ಹಚ್ಚುವವರು ಹಚ್ಚುತ್ತಾರೆ.
ನಾವು ಅಡುಗೆಮನೆಯ ಮೇಜಿನ ಮೇಲೆ
ಹನ್ನೊಂದು ಪುಸ್ತಕ ಹರಡಿಕೊಂಡು ಕೂರುತ್ತೇವೆ:
ಏಳು ಹಸಿರು ರಟ್ಟಿನವು, ಸಂಬಳದ ವರ್ಷಗಳವು;
ನಾಲ್ಕು ನೀಲಿ, ಆಮೇಲಿನವು.
ಹಸಿರು ರಟ್ಟು ಅಂಗಡಿಗೆ ಬರುವುದು ನಿಂತಿತು, ಅಷ್ಟೆ.
ಅದರಲ್ಲಿ ಅರ್ಥ ಹುಡುಕಬೇಡಿ.

ಗೋರ್ಡಿ ಓದುತ್ತಾನೆ, ನಾನು ಕೂಡುತ್ತೇನೆ.
ಇಪ್ಪತ್ತಾರು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ
ಊರವರ ರಕ್ತದ ಬಿಳಿಕಣ ಎಣಿಸಿದವಳು;
ಬಿಟ್ಟುಬಂದರೂ ಬೆರಳು ಬಿಟ್ಟಿಲ್ಲ.
ಅವನು ಅದಿರಿನ ಹಡಗುಕಟ್ಟೆಯವನು,
ಅವನ ಏಳರ ಅಂಕಿಗೆ ಇಂದಿಗೂ ಕೊಕ್ಕೆ ಇದೆ.

ವರ್ಷಕ್ಕೆ ಮೂವತ್ತೆಂಟು ಸಾವಿರದಲ್ಲಿ ಬದುಕಿದರೆ
ಐವತ್ತಮೂರಕ್ಕೇ ಬಿಡಬಹುದು ಎಂದು
ಕರೆಂಟು ಬಿಲ್ಲಿನ ಲಕೋಟೆಯ ಬೆನ್ನಿಗೆ ಬರೆದವನು ಅವನೇ.
ಹಾಸಿಗೆಯನ್ನು ಮೊದಲು ಅಳೆದೆವು, ಕಾಲನ್ನು ಆಮೇಲೆ.
ಈ ಊರಿನ ಚಳಿಗೆ
ಕಾಲು ತಾನಾಗಿಯೇ ಮಡಚಿಕೊಳ್ಳುತ್ತದೆ, ಅದೂ ಒಂದು ಅನುಕೂಲ.

ಹಸಿರು ಪುಟಗಳು:
ಗುರುವಾರದ ಪಿಜ್ಜಾ. ಎದೆಯುರಿಯ ಮಾತ್ರೆ.
ಹಿಮ ಬಳಿಯುವ ಹುಡುಗನಿಗೆ ಮೂವತ್ತು.
ಯಾರದೋ ಬೀಳ್ಕೊಡುಗೆಯ ಕೇಕಿಗೆ ಐದು,
ಯಾರದೆಂದು ನೆನಪಿಲ್ಲ.
ಅವರು ಹೋದರು, ಕೇಕು ತಿಂದು ನಾನು ಉಳಿದೆ.

ನೀಲಿಯಲ್ಲಿ ಮಾತ್ರೆ ಇಲ್ಲ, ಪಿಜ್ಜಾ ಇಲ್ಲ,
ಹಿಮ ನಾವೇ ಬಳಿಯುತ್ತೇವೆ, ಬೈದುಕೊಂಡು.
ಕಾಫಿ ಎರಡರಷ್ಟು. ಟಾಯ್ಲೆಟ್ ಪೇಪರು
ಮೂರರಷ್ಟು ಎಂದು ಮೊದಲ ವರ್ಷವೇ ತಿಳಿಯಿತು:
ಇಷ್ಟು ಕಾಲ ಕಂಪನಿಯವರು ಕೊಟ್ಟದ್ದು
ಸಂಬಳ ಒಂದೇ ಅಲ್ಲ.
ಎರಡನೆಯ ಫೆಬ್ರವರಿಯಲ್ಲಿ ನೆಲಮಾಳಿಗೆಯ ಫರ್ನೇಸು
ಕೆಮ್ಮಿ ಸತ್ತಿತು. ನಾಲ್ಕು ಸಾವಿರದ ಆರುನೂರು.
ಆರೋಗ್ಯ ವಿಮೆಯಂತೂ,
ಆಗ ಕಾಣದ ಹಾಗೆ ಕಡಿದುಕೊಂಡು ಹೋಗುತ್ತಿದ್ದದ್ದು,
ಈಗ ತಿಂಗಳಿಗೊಮ್ಮೆ ಎದುರಿಗೇ ಬಂದು
ಕುರ್ಚಿ ಎಳೆದುಕೊಂಡು ಉಣ್ಣುತ್ತದೆ.

ಹಸಿರು ಪುಸ್ತಕಗಳಲ್ಲಿ ಇನ್ನೊಂದಿದೆ.
ಸೋಮವಾರದಿಂದ ಶುಕ್ರವಾರ, ಅವನ ಓರೆ ಅಕ್ಷರ:
ಇತರೆ, ಎರಡು.
ಇತರೆ, ಎರಡು.
ಏಳು ವರ್ಷ ಕೇಳಿರಲಿಲ್ಲ ನಾನು.
ಲಾಟರಿ ಇರಬಹುದು. ಕದ್ದು ಸೇದುವ ಸಿಗರೇಟು.
ಎರಡು ಡಾಲರಿಗೆ ಸಿಗುವ ಪಾಪ ಎಷ್ಟು ದೊಡ್ಡದು?

ಈ ರಾತ್ರಿ ಕೇಳಿದೆ.

ಕೆರೆಯ ದಂಡೆಯ ಪಾರ್ಕಿಂಗ್ ಮೀಟರು, ಎಂದ.
(ಸಮುದ್ರದಂಥದನ್ನು ಇಲ್ಲಿಯವರು ಕೆರೆ ಎಂದೇ ಕರೆಯುತ್ತಾರೆ.)
ಪಾಳಿ ಮುಗಿಸಿ, ಮನೆಗೆ ಬರುವ ಮೊದಲು
ಇಪ್ಪತ್ತು ನಿಮಿಷ ನಿಲ್ಲಿಸಿ ನೀರು ನೋಡುತ್ತಿದ್ದೆ.
ಏನು ಯೋಚಿಸುತ್ತಿದ್ದೆ?
ಏನೂ ಇಲ್ಲ. ಅದಕ್ಕೇ ಎರಡು ಡಾಲರು.

ಬೆರಳು ಗುಣಿಸಿಬಿಟ್ಟಿತ್ತು:
ವಾರಕ್ಕೆ ಐದು ದಿನ, ವರ್ಷಕ್ಕೆ ಐವತ್ತು ವಾರ, ಏಳು ವರ್ಷ.
ಮೂರೂವರೆ ಸಾವಿರ. ನಮ್ಮ ಖರ್ಚಿನ ಒಂದು ತಿಂಗಳು.
ಒಂದು ತಿಂಗಳು ಮೊದಲೇ ಬಿಡಬಹುದಿತ್ತು, ಗೋರ್ಡಿ,
ಎಂದು ಬಾಯಿತನಕ ಬಂತು.
ಇನ್ನೊಂದೂ ಬಂತು: ಆ ಮೀಟರು ಈಗಲೂ ಎರಡೇ,
ಈ ಊರಿನಲ್ಲಿ ಏರದೆ ಉಳಿದದ್ದು ಅದೊಂದೇ.
ಎರಡನ್ನೂ ನುಂಗಿಕೊಂಡೆ.

ಅವನು ಕೊನೆಯ ನೀಲಿಯನ್ನು ತೆರೆದ.
ಜನವರಿ. ಫೆಬ್ರವರಿ. ಹಿಟ್ಟು, ಅಂಚೆಚೀಟಿ,
ಮೀನು ಹಿಡಿಯುವ ಲೈಸೆನ್ಸು.
ಮಾರ್ಚಿಗೆ ಬಂದಾಗ ಬೆರಳು ನಿಂತಿತು.
ಮಂಗಳವಾರ. ನನ್ನ ಅಕ್ಷರ, ನೆಟ್ಟಗೆ, ಸಣ್ಣಗೆ:
ಇತರೆ, ಎರಡು.
ಮುಂದಿನ ಮಂಗಳವಾರವೂ.
ಅದರ ಮುಂದಿನದೂ.

ಕಿಟಕಿಯಾಚೆ ಯಾರದೋ ಪಟಾಕಿ
ಹಿಮದಲ್ಲಿ ಹೂತುಕೊಂಡು ಡುಬ್ಬೆಂದಿತು.
ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.
ನನ್ನ ಕಡೆ ನೋಡಲಿಲ್ಲ, ಅಥವಾ ನೋಡಿದ,
ನಾನು ಪೆನ್ಸಿಲು ನೋಡುತ್ತಿದ್ದೆ.

ಇತರೆ, ಎರಡು, ಎಂದು ಓದಿದ,
ಉಳಿದದ್ದನ್ನು ಓದುವ ದನಿಯಲ್ಲೇ.
ಯೀಸ್ಟು, ಏಳು.

ಏಳು, ಎಂದೆ.
ಕೂಡಿದೆ.